75 ನಿಮಿಷ ಎಲ್ಲಿಂದ ಬಂತು?

ಹೋಂವರ್ಕ್ ಮಾಡುವಾಗ ಹುಡುಗ ಸಿಕ್ಕಿಹಾಕಿಕೊಳ್ಳುವುದು ಯಾವಾಗ? ರಾತ್ರಿ ಎಂಟೂವರೆಗೆ, ಮನೆಯಲ್ಲಿ, ಎರಡನೇ ಲೆಕ್ಕದ ಮೂರನೇ ಸಾಲಿನಲ್ಲಿ. ಆಗ ಮೇಷ್ಟ್ರು ಎಲ್ಲಿರುತ್ತಾರೆ? ಅವರ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ಅದೇ ದಿನ ಬೆಳಗ್ಗೆ ಅವರು ಹುಡುಗನ ಎದುರೇ ನಿಂತು ಪೀರಿಯಡ್ ಪೂರ್ತಿ ಮಾತಾಡಿದ್ದರು. ಆಗ ಅವನಿಗೆ ಡೌಟೇ ಇರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಿದ್ದವರು ಮೇಷ್ಟ್ರು ತಾನೇ, ಅವರ ಕೈಯಲ್ಲಿ ಎಲ್ಲ ಸಲೀಸು.

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು. ಈ ಎಂಟೂವರೆಯ ಸಮಸ್ಯೆ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಫ್ಲಿಪ್ಡ್ ಕ್ಲಾಸ್‌ರೂಮ್ ಬಗ್ಗೆ, ಅಂದರೆ ಪಾಠವನ್ನು ಮನೆಯಲ್ಲಿ ವೀಡಿಯೊದಲ್ಲಿ ನೋಡಿಬಂದು ಲೆಕ್ಕವನ್ನು ತರಗತಿಯಲ್ಲಿ ಬಿಡಿಸುವ ಪದ್ಧತಿಯ ಬಗ್ಗೆ, ಏನೇ ಓದಿದರೂ ನಾನು ಮತ್ತೆ ಮತ್ತೆ ಹಿಂದಿರುಗುವುದು ಒಂದೇ ಪ್ರಕರಣಕ್ಕೆ. ಅದು ಅಮೆರಿಕದ ಒಂದು ಬೆಟ್ಟದೂರಿನ ಶಾಲೆಯದು. ಅಲ್ಲಿದ್ದವರೂ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರುಗಳೇ.

ಈ ಪದ್ಧತಿಯ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎಲ್ಲರ ಬಾಯಲ್ಲೂ ವೀಡಿಯೊದ್ದೇ ಮಾತು. ಯಾವ ಆ್ಯಪ್, ಯಾವ ಮೈಕು, ಹಿಂದೆ ಹಸಿರು ಪರದೆ ಬೇಕಾ ಬೇಡವಾ. ಆ ಶಾಲೆಯ ಕತೆಯನ್ನು ನಿಧಾನವಾಗಿ ಓದಿದರೆ ಬೇರೆಯದೇ ಕಾಣುತ್ತದೆ. ಅಲ್ಲಿ ವೀಡಿಯೊ ಎಲ್ಲಕ್ಕಿಂತ ಸುಲಭದ ಭಾಗವಾಗಿತ್ತು. ಕಷ್ಟವಾದದ್ದು ಖಾಲಿಯಾದ ಪೀರಿಯಡ್ಡನ್ನು ಏನು ಮಾಡುವುದು ಎಂಬುದು.

ಬಸ್ಸಿನಲ್ಲಿ ಕಳೆದ ಪಾಠಗಳು

ಕೊಲರಾಡೊ ರಾಜ್ಯದಲ್ಲಿ, ಪೈಕ್ಸ್ ಪೀಕ್ ಪರ್ವತದ ಹತ್ತಿರ ವುಡ್‌ಲ್ಯಾಂಡ್ ಪಾರ್ಕ್ ಅಂತ ಒಂದು ಸಣ್ಣ ಊರಿದೆ. ಸಮುದ್ರಮಟ್ಟದಿಂದ ಸುಮಾರು 2,580 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಆರುನೂರು ಮೀಟರಿಗೂ ಜಾಸ್ತಿ ಮೇಲೆ. ಆ ಊರಿನ ಹೈಸ್ಕೂಲಿಗೆ 2006ರಲ್ಲಿ ಇಬ್ಬರು ಹೊಸ ಮೇಷ್ಟ್ರು ಬಂದರು, ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್. ಬರ್ಗ್‌ಮನ್‌ಗೆ ಆಗಲೇ ಬಹಳ ವರ್ಷದ ಅನುಭವ. ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಕೊಡುವ ಪ್ರಶಸ್ತಿ ಅವರಿಗೆ 2002ರಲ್ಲೇ ಬಂದಿತ್ತು. ಸ್ಯಾಮ್ಸ್‌ಗೆ ಅದು ಮುಂದೆ 2009ರಲ್ಲಿ ಬಂತು. ಅಂದರೆ ಇವರು ಪಾಠ ಮಾಡಲು ಬಾರದೆ ಹೊಸ ದಾರಿ ಹುಡುಕಿದವರಲ್ಲ. ಬೋರ್ಡಿನ ಮುಂದೆ ನಿಂತು ವಿವರಿಸುವುದರಲ್ಲಿ ಇಬ್ಬರೂ ಗಟ್ಟಿಗರು. ಈ ಮಾತನ್ನು ನೆನಪಿಟ್ಟುಕೊಂಡಿರಿ.

ಶಾಲೆಯ ಕೆಮಿಸ್ಟ್ರಿ ತರಗತಿಗಳೆಲ್ಲ ಹೆಚ್ಚುಕಡಿಮೆ ಈ ಇಬ್ಬರ ಪಾಲಿಗೇ ಬಂದವು. ಮೊದಲಿನಿಂದಲೂ ಅವರು ಪಾಠಯೋಜನೆಯನ್ನು ಹಂಚಿಕೊಂಡರು. ಒಂದು ಪ್ರಯೋಗಕ್ಕೆ ಇವರು ಸಾಮಾನು ಜೋಡಿಸಿದರೆ ಇನ್ನೊಂದಕ್ಕೆ ಅವರು.

ತೊಂದರೆ ಇದ್ದದ್ದು ಗೈರುಹಾಜರಿಯಲ್ಲಿ. ಆ ಊರಿನ ಹುಡುಗರು ಆಟಕ್ಕೆ, ಸ್ಪರ್ಧೆಗೆ ಬೇರೆ ಶಾಲೆಗಳಿಗೆ ಹೋಗಬೇಕು. ಅಕ್ಕಪಕ್ಕದ ಶಾಲೆ ಅಂದರೂ ಅಕ್ಕಪಕ್ಕದಲ್ಲಿಲ್ಲ, ಬೆಟ್ಟದ ದಾರಿ. ಸಂಜೆಯ ಪಂದ್ಯಕ್ಕೆ ಮಧ್ಯಾಹ್ನವೇ ಬಸ್ಸು ಹತ್ತಬೇಕು. ಕೊನೆಯ ಪೀರಿಯಡ್ಡುಗಳು ಹೋದವು. ಮರುದಿನ ಆ ಮಕ್ಕಳು ಬಂದು, ಸರ್ ನಿನ್ನೆ ಏನು ಪಾಠ ಆಯ್ತು ಅಂತ ಕೇಳುತ್ತಾರೆ. ಶಾಲೆ ಬಿಟ್ಟ ಮೇಲೆ ಅದೇ ಪಾಠ ಮತ್ತೊಮ್ಮೆ, ಮೂವರಿಗೆ. ಆಮೇಲೆ ಇನ್ನಿಬ್ಬರಿಗೆ.

2007ರ ವಸಂತಕಾಲ. ಸ್ಯಾಮ್ಸ್ ಒಂದು ತಂತ್ರಜ್ಞಾನ ಪತ್ರಿಕೆ ತಿರುವಿಹಾಕುತ್ತಿದ್ದರು. ಕಂಪ್ಯೂಟರ್ ಪರದೆಯ ಮೇಲಿನ ಸ್ಲೈಡುಗಳನ್ನು, ಮಾತನ್ನು, ಪೆನ್ನಿನಲ್ಲಿ ಗೀಚಿದ್ದನ್ನು ಎಲ್ಲ ಸೇರಿಸಿ ವೀಡಿಯೊ ಮಾಡಿಕೊಡುವ ಸಾಫ್ಟ್‌ವೇರ್ ಬಗ್ಗೆ ಅದರಲ್ಲಿ ಬರೆದಿತ್ತು. ಯೂಟ್ಯೂಬ್ ಆಗಿನ್ನೂ ಎರಡು ವರ್ಷದ ಕೂಸು. ಅದನ್ನು ಬರ್ಗ್‌ಮನ್‌ಗೆ ತೋರಿಸಿದರು. ತರಗತಿಯಲ್ಲಿ ಮಾಡುವ ಪಾಠವನ್ನೇ ರೆಕಾರ್ಡ್ ಮಾಡಿ ಆನ್‌ಲೈನ್‌ನಲ್ಲಿ ಹಾಕಲು ಶುರು ಮಾಡಿದರು. ಇದರ ಹಿಂದೆ ದೊಡ್ಡ ತತ್ವ ಏನೂ ಇರಲಿಲ್ಲ, ಸ್ವಾರ್ಥವಿತ್ತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಒಂದೇ ಪಾಠವನ್ನು ಮೂರು ಸಲ ಹೇಳುವ ಕೆಲಸ ತಪ್ಪಿದರೆ ಸಾಕಾಗಿತ್ತು.

ಅದು ತಪ್ಪಿತು ಕೂಡ. ನಿನ್ನೆ ಏನಾಯ್ತು ಎಂದು ಕೇಳಿದವರಿಗೆ, ಹೋಗಿ ವೀಡಿಯೊ ನೋಡು. ಅಷ್ಟೇ. ಅವರು ಎಣಿಸದೇ ಇದ್ದ ಇನ್ನೊಂದು ಸಂಗತಿಯೂ ನಡೆಯಿತು. ತರಗತಿಯಲ್ಲಿ ಕೂತು ಪಾಠ ಕೇಳಿದ್ದ ಮಕ್ಕಳೂ ಪರೀಕ್ಷೆಗೆ ಮುಂಚೆ ವೀಡಿಯೊ ನೋಡತೊಡಗಿದರು. ಎಲ್ಲಿಂದಲೋ ಬೇರೆ ಶಾಲೆಗಳ ಮಕ್ಕಳು, ಮೇಷ್ಟ್ರುಗಳು ಇಮೇಲ್ ಬರೆದು ಥ್ಯಾಂಕ್ಸ್ ಹೇಳಿದರು.

ಸ್ಯಾಮ್ಸ್ ಕೇಳಿದ ಪ್ರಶ್ನೆ

ಇಲ್ಲಿಗೇ ನಿಂತಿದ್ದರೆ ಇದೊಂದು ಅನುಕೂಲದ ಕತೆ ಆಗುತ್ತಿತ್ತು. ಆದರೆ ಒಂದು ದಿನ ಸ್ಯಾಮ್ಸ್‌ಗೆ ಒಂದು ಮಾತು ಹೊಳೆಯಿತು. ಮಕ್ಕಳಿಗೆ ನಾನು ಎದುರಲ್ಲೇ ಇರಬೇಕಾದದ್ದು ಯಾವಾಗ? ಅವರು ಎಲ್ಲೋ ಸಿಕ್ಕಿಕೊಂಡಾಗ. ಸುಮ್ನೆ ವಿಷಯ ಒಪ್ಪಿಸುವುದಕ್ಕೆ ನಾನು ಅಲ್ಲಿ ಇರಲೇಬೇಕು ಅಂತಿಲ್ಲ. ಹಾಗಿದ್ದರೆ ಎಲ್ಲ ಪಾಠಗಳನ್ನೂ ಮೊದಲೇ ರೆಕಾರ್ಡ್ ಮಾಡಿ, ಅದನ್ನು ನೋಡುವುದನ್ನೇ ಹೋಂವರ್ಕ್ ಮಾಡಿ, ಇಡೀ ಪೀರಿಯಡ್ಡನ್ನು ಸಿಕ್ಕಿಕೊಂಡವರಿಗೇ ಕೊಟ್ಟರೆ ಹೇಗೆ?

ಯೋಚನೆ ಪೂರಾ ಹೊಸದೇನಲ್ಲ. ಹಾರ್ವರ್ಡ್‌ನಲ್ಲಿ ಎರಿಕ್ ಮಜುರ್ 1991ರಿಂದಲೇ ಭೌತಶಾಸ್ತ್ರದ ತರಗತಿಯನ್ನು ಉಪನ್ಯಾಸದಿಂದ ಚರ್ಚೆಯ ಕಡೆ ತಿರುಗಿಸಿದ್ದರು. ವಿದ್ಯಾರ್ಥಿಗಳು ಓದಿಕೊಂಡು ಬರಬೇಕು, ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಆರಿಸಿ ಪಕ್ಕದವರ ಜತೆ ವಾದ ಮಾಡಬೇಕು. 2000ದಲ್ಲಿ ಒಹಾಯೊ ರಾಜ್ಯದ ಮಿಯಾಮಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಯನ್ನು ತಲೆಕೆಳಗು ಮಾಡುವುದರ ಬಗ್ಗೆ ಪ್ರಬಂಧವನ್ನೇ ಬರೆದಿದ್ದರು. ಫ್ಲಿಪ್ಡ್ ಎಂಬ ಹೆಸರಿಟ್ಟವರೂ ಈ ಇಬ್ಬರು ಮೇಷ್ಟ್ರುಗಳಲ್ಲ. ಅವರು ಮೊದಲು ಬಳಸಿದ್ದು ಪ್ರಿ-ವೋಡ್‌ಕಾಸ್ಟಿಂಗ್ ಅಂತ ಬಾಯಿಗೆ ಬಾರದ ಒಂದು ಪದ. ಅದು ನಿಲ್ಲಲಿಲ್ಲ, ಒಳ್ಳೆಯದೇ ಆಯಿತು. ಆದರೂ ಹೈಸ್ಕೂಲಿನ ಮೇಷ್ಟ್ರುಗಳ ನಡುವೆ ಇದು ಹಬ್ಬಿದ್ದು ಹೆಚ್ಚಾಗಿ ವುಡ್‌ಲ್ಯಾಂಡ್ ಪಾರ್ಕಿನಿಂದ. ಯಾಕೆ ಅಂದರೆ ಅವರು ಹೇಳಿದ್ದು ಹೈಸ್ಕೂಲಿನ ಕಷ್ಟ.

2007–08ರ ಶಾಲಾವರ್ಷಕ್ಕೆ ಇಬ್ಬರೂ ಇಡೀ ಕೆಮಿಸ್ಟ್ರಿ ಪಠ್ಯವನ್ನು ರೆಕಾರ್ಡ್ ಮಾಡಲು ಕೂತರು. ಒಂದು ಘಟಕ ಇವರದು, ಮುಂದಿನದು ಅವರದು, ಹೀಗೆ ಸರದಿ.

ನಿಮಿಷದ ಲೆಕ್ಕ

ಈ ಪ್ರಕರಣದ ಜೀವ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ.

ಆ ಶಾಲೆಯಲ್ಲಿ ಪೀರಿಯಡ್ ಉದ್ದ, ಸುಮಾರು ಒಂದೂವರೆ ಗಂಟೆ, ದಿನ ಬಿಟ್ಟು ದಿನ. ಹಳೆಯ ಪದ್ಧತಿಯಲ್ಲಿ ಆ 90 ನಿಮಿಷ ಹೀಗೆ ಕರಗುತ್ತಿತ್ತು. ಮಕ್ಕಳು ಕೂತು ಸುಧಾರಿಸಿಕೊಳ್ಳಲು, ಒಂದು ಸಣ್ಣ ಪ್ರಶ್ನೆ ಬಿಡಿಸಲು 5 ನಿಮಿಷ. ಹಿಂದಿನ ಹೋಂವರ್ಕ್ ಪರಿಶೀಲನೆಗೆ 20 ನಿಮಿಷ. ಹೊಸ ಪಾಠಕ್ಕೆ 30ರಿಂದ 45 ನಿಮಿಷ. ಉಳಿದ 20ರಿಂದ 35 ನಿಮಿಷದಲ್ಲಿ ಲೆಕ್ಕ ಬಿಡಿಸುವುದೋ ಪ್ರಯೋಗವೋ ಏನಾದರೊಂದು.

ತಿರುಗಿಸಿದ ಮೇಲೆ? ಮೊದಲ 5 ನಿಮಿಷ ಹಾಗೇ ಇದೆ. ನೋಡಿ ಬಂದ ವೀಡಿಯೊದ ಬಗ್ಗೆ ಪ್ರಶ್ನೋತ್ತರಕ್ಕೆ 10 ನಿಮಿಷ. ಉಳಿದದ್ದು 75 ನಿಮಿಷ. ಲೆಕ್ಕಕ್ಕೆ, ಪ್ರಯೋಗಕ್ಕೆ, ಒಬ್ಬೊಬ್ಬರ ಪಕ್ಕ ಹೋಗಿ ಕೂರುವುದಕ್ಕೆ.

ಹೊಸ ಪಾಠದ ಸಮಯ ಉಳಿಯುತ್ತದೆ ಎನ್ನುವುದು ಯಾರಿಗಾದರೂ ಹೊಳೆಯುವ ವಿಷಯ. ನನ್ನ ಕಣ್ಣು ನಿಂತದ್ದು ಹೋಂವರ್ಕ್ ಪರಿಶೀಲನೆಯ ಆ 20 ನಿಮಿಷದ ಮೇಲೆ. ಮಕ್ಕಳು ನಿನ್ನೆ ರಾತ್ರಿ ಒಬ್ಬರೇ ಸಿಕ್ಕಿಕೊಂಡರಲ್ಲ, ಅದಕ್ಕೆ ತೆತ್ತ ದಂಡ ಆ 20 ನಿಮಿಷ. ಲೆಕ್ಕವನ್ನು ತರಗತಿಯಲ್ಲೇ, ಮೇಷ್ಟ್ರ ಕಣ್ಣೆದುರೇ ಬಿಡಿಸಿದರೆ ದಂಡ ಕಟ್ಟುವ ಪ್ರಮೇಯವೇ ಬರುವುದಿಲ್ಲ. ಹೋಂವರ್ಕ್ ಪರಿಶೀಲನೆ ಅಂತ ನಾವು ಮಾಡುವುದೇನು? ಮೂವರು ಜಾಣರು ಉತ್ತರ ಹೇಳುತ್ತಾರೆ, ಉಳಿದವರು ಅದನ್ನು ಬರೆದುಕೊಳ್ಳುತ್ತಾರೆ, ನಾವು ಸಹಿ ಹಾಕುತ್ತೇವೆ. ನಾನೂ ಎಷ್ಟೋ ವರ್ಷ ಹಾಕಿದ್ದೇನೆ.

75 ನಿಮಿಷ ಕೈಗೆ ಬಂದಾಗ ಅವರಿಗೂ ದಿಕ್ಕು ತೋಚಲಿಲ್ಲ. ಮೊದಮೊದಲು ಮಕ್ಕಳು ಕೊಟ್ಟ ಕೆಲಸವನ್ನೆಲ್ಲ ಮುಗಿಸಿ, ಬೆಲ್ ಹೊಡೆಯಲು ಇನ್ನೂ 20 ನಿಮಿಷ ಇರುವಾಗಲೇ ಸುಮ್ಮನೆ ಕೂರುತ್ತಿದ್ದರು. ಹೆಚ್ಚಿನ ಪ್ರಯೋಗ, ಹೆಚ್ಚಿನ ಲೆಕ್ಕ ಎಲ್ಲ ಹೊಸದಾಗಿ ಹೊಂದಿಸಬೇಕಾಯಿತು. ಪಾಠ ವಿನ್ಯಾಸದ ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ. ವೀಡಿಯೊ ಒಂದು ಸಲ ಮಾಡಿದರೆ ಮುಗಿಯಿತು. 75 ನಿಮಿಷ ಮಾತ್ರ ದಿನ ಬಿಟ್ಟು ದಿನ ಎದುರಿಗೆ ಬಂದು ನಿಲ್ಲುತ್ತದೆ.

ವೀಡಿಯೊದ ಬಗ್ಗೆ, ಅಗತ್ಯವಿದ್ದಷ್ಟು

ಮೊದಲ ವೀಡಿಯೊಗಳು ತರಗತಿಯ ಪಾಠದ ನಕಲಿನಂತೆ ಉದ್ದವಾಗಿದ್ದವು. ಬರಬರುತ್ತಾ ಒಂದು ವೀಡಿಯೊಗೆ ಒಂದೇ ವಿಷಯ ಎಂಬ ನಿಯಮಕ್ಕೆ ಬಂದರು. ಹತ್ತು ನಿಮಿಷದೊಳಗೆ ಮುಗಿದರೆ ಚೆನ್ನ, ಹದಿನೈದು ದಾಟಬಾರದು. ಒಬ್ಬರೇ ಮಾತಾಡುವುದಕ್ಕಿಂತ ಇಬ್ಬರು ಮಾತಾಡಿಕೊಂಡರೆ ಮಕ್ಕಳು ಹೆಚ್ಚು ಕೇಳುತ್ತಾರೆ ಎನ್ನುವುದೂ ಗೊತ್ತಾಯಿತು. ಹಾಗಾಗಿ ಒಬ್ಬರು ವಿವರಿಸಿದರೆ ಇನ್ನೊಬ್ಬರು ವಿದ್ಯಾರ್ಥಿಯಂತೆ ಅಡ್ಡಪ್ರಶ್ನೆ ಹಾಕುತ್ತಿದ್ದರು. ನಮ್ಮ ಯಕ್ಷಗಾನದಲ್ಲಿ ಭಾಗವತರು ಪಾತ್ರಧಾರಿಯನ್ನು ಮಾತಿಗೆ ಎಳೆಯುತ್ತಾರಲ್ಲ, ಆ ಥರ.

ಮಾತು ತಡವರಿಸಿದರೂ ಪರವಾಗಿಲ್ಲ. ಅವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ, ಇದು ಪರ್ಫೆಕ್ಟ್ ಆಗಿರಬೇಕಾ, ಇಲ್ಲಾ ಮಂಗಳವಾರಕ್ಕೆ ಸಿಗಬೇಕಾ? ಮನೆಯಲ್ಲಿ ಇಂಟರ್ನೆಟ್ ಇಲ್ಲದವರಿಗೆ ಡಿವಿಡಿ ಸುಟ್ಟು ಕೊಟ್ಟರು, ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ವೀಡಿಯೊ ನೋಡುವುದನ್ನೂ ಕಲಿಸಬೇಕು. ಇದನ್ನು ಎಷ್ಟು ಜನ ಮರೆಯುತ್ತಾರೋ! ಅವರು ವರ್ಷದ ಆರಂಭದಲ್ಲಿ ಮೊದಲ ವೀಡಿಯೊಗಳನ್ನು ತರಗತಿಯಲ್ಲೇ ಎಲ್ಲರ ಜತೆ ನೋಡುತ್ತಿದ್ದರು. ಮುಖ್ಯ ಜಾಗದಲ್ಲಿ ನಿಲ್ಲಿಸಿ, ಇಲ್ಲಿ ಏನು ಬರೆದುಕೊಳ್ಳಬೇಕು ಅಂತ ಹೇಳುತ್ತಿದ್ದರು. ಮುಂದಿನ ಸಲ ನಿಲ್ಲಿಸುವ ಗುಂಡಿಯನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಡುತ್ತಿದ್ದರು. ತಕ್ಷಣ ಗಲಾಟೆ. ಒಬ್ಬಳಿಗೆ ಇನ್ನೂ ಬರೆದಾಗಿಲ್ಲ, ಇನ್ನೊಬ್ಬನಿಗೆ ಆಗಲೇ ಬೇಜಾರು. ಪ್ರತಿಯೊಬ್ಬರಿಗೂ ಅವರದೇ ಗುಂಡಿ ಬೇಕು ಅಂತ ಮಕ್ಕಳೇ ಬಾಯಿಬಿಟ್ಟು ಹೇಳುವವರೆಗೂ ಕಾಯುತ್ತಿದ್ದರು. ಬೋರ್ಡಿನ ಮುಂದೆ ನಿಂತ ಮೇಷ್ಟ್ರಿಗೆ ಅಂಥ ಗುಂಡಿ ಇಲ್ಲ, ಅಲ್ವಾ?

ನೋಡಿದ್ದಾರೋ ಇಲ್ಲವೋ ಎಂದು ತಿಳಿಯಲು ನೋಟ್ಸ್ ನೋಡುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ ಪ್ರತಿ ವಿದ್ಯಾರ್ಥಿ ಪ್ರತಿ ವೀಡಿಯೊಗೆ ಒಂದು ಪ್ರಶ್ನೆ ತರಬೇಕಿತ್ತು. ಉತ್ತರ ತನಗೆ ಗೊತ್ತಿಲ್ಲದ, ವೀಡಿಯೊಗೆ ಸಂಬಂಧಪಟ್ಟ ಪ್ರಶ್ನೆ. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ಆದರೆ ಪಾಠ ಮುಗಿಸಿ, ಎನಿ ಡೌಟ್ಸ್ ಅಂತ ಕೇಳಿ, ಎರಡು ಸೆಕೆಂಡ್ ಕಾದು, ಇಲ್ವಾ ಸರಿ ಎಂದು ಡಸ್ಟರ್ ಎತ್ತಿಕೊಳ್ಳುವ ನಮ್ಮ ಅಭ್ಯಾಸಕ್ಕೆ ಹೋಲಿಸಿ ನೋಡಿ. ಅಲ್ಲಿ ಮಾತೇ ಆಡದ ಹುಡುಗಿಯೂ ವರ್ಷಕ್ಕೆ ಎಷ್ಟೋ ಪ್ರಶ್ನೆ ಕೇಳಲೇಬೇಕು. ಒಂದೇ ಪ್ರಶ್ನೆ ಹತ್ತು ಜನರಿಂದ ಬಂದರೆ ವೀಡಿಯೊದಲ್ಲೇ ಏನೋ ಐಬಿದೆ ಎಂದರ್ಥ, ಅದನ್ನು ಸರಿಪಡಿಸಬೇಕು.

ನೋಡದೇ ಬಂದವರು? ತರಗತಿಯ ಹಿಂದೆ ಒಂದೆರಡು ಕಂಪ್ಯೂಟರ್ ಇಟ್ಟಿದ್ದರು. ನೋಡದವರು ಅಲ್ಲಿ ಕೂತು ನೋಡಬೇಕು. ಅಷ್ಟರಲ್ಲಿ ಉಳಿದವರು ಮೇಷ್ಟ್ರ ಸಹಾಯದಿಂದ ಲೆಕ್ಕ ಮುಗಿಸಿರುತ್ತಾರೆ. ಹಿಂದೆ ಕೂತವರು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಒಬ್ಬರೇ ಮಾಡಬೇಕು. ಅಂದರೆ ಅವರ ಪಾಲಿಗೆ ಹಳೆಯ ಪದ್ಧತಿಯೇ ಶಿಕ್ಷೆ! ಬೈಯುವುದಿಲ್ಲ, ಹೊರಗೆ ನಿಲ್ಲಿಸುವುದಿಲ್ಲ. ಇಡೀ ವಿನ್ಯಾಸದಲ್ಲಿ ನನಗೆ ಅತಿ ಇಷ್ಟವಾದ ತುಣುಕು ಇದು.

ಒಂದು ಪಾಠ ಹೇಗೆ ತಿರುಗುತ್ತದೆ

ಒಂದು ಪಾಠವನ್ನೇ ಎತ್ತಿಕೊಂಡು ನೋಡೋಣ. ಉದಾಹರಣೆ ನನ್ನದು. ಪ್ರಥಮ ಪಿಯುಸಿ ಕೆಮಿಸ್ಟ್ರಿಯ ಮೊದಲ ಅಧ್ಯಾಯದಲ್ಲೇ ಬರುತ್ತದೆ. ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತು ಮೊದಲು ಖಾಲಿಯಾಗುತ್ತದೆ, ಅದರಿಂದ ಎಷ್ಟು ಉತ್ಪನ್ನ ಸಿಗುತ್ತದೆ ಎನ್ನುವ ಲೆಕ್ಕ. ಪುಸ್ತಕದಲ್ಲಿ ಲಿಮಿಟಿಂಗ್ ರಿಯೇಜೆಂಟ್.

4 ಗ್ರಾಂ ಹೈಡ್ರೋಜನ್ 32 ಗ್ರಾಂ ಆಕ್ಸಿಜನ್ ಜತೆ ಸೇರಿ 36 ಗ್ರಾಂ ನೀರಾಗುತ್ತದೆ. ಇಷ್ಟನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಈಗ 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಕೊಟ್ಟು ನೀರು ಎಷ್ಟು ಎಂದು ಕೇಳಿ. ಅರ್ಧ ತರಗತಿ 74 ಅನ್ನುತ್ತದೆ, ಎರಡನ್ನೂ ಕೂಡಿಸಿ. ಕೆಲವರು 90 ಅನ್ನುತ್ತಾರೆ, ಹೈಡ್ರೋಜನ್ ಎಲ್ಲ ಖರ್ಚಾಯಿತು ಎಂದುಕೊಂಡು. ಉತ್ತರ 72. 64 ಗ್ರಾಂ ಆಕ್ಸಿಜನ್‌ಗೆ 8 ಗ್ರಾಂ ಹೈಡ್ರೋಜನ್ ಸಾಕು, 2 ಗ್ರಾಂ ಹಾಗೇ ಉಳಿಯುತ್ತದೆ.

ತಪ್ಪು ಎರಡು ಬಗೆಯದು ಅನ್ನುವುದನ್ನು ಗಮನಿಸಿ. 74 ಎಂದವನಿಗೆ ಪದಾರ್ಥ ಒಂದು ಅನುಪಾತದಲ್ಲಿ ಮಾತ್ರ ಸೇರುತ್ತದೆ ಎನ್ನುವುದೇ ಕೂತಿಲ್ಲ. 90 ಎಂದವಳಿಗೆ ಅದು ಗೊತ್ತು, ಆದರೆ ಹೈಡ್ರೋಜನ್ ಕಡಿಮೆಯಿದ್ದಂತೆ ಕಾಣುತ್ತದಲ್ಲ, ಅದೇ ಮೊದಲು ಮುಗಿಯುತ್ತದೆ ಅಂದುಕೊಂಡಿದ್ದಾಳೆ. ಇಬ್ಬರಿಗೂ ಒಂದೇ ವಿವರಣೆ ಕೊಟ್ಟರೆ ಒಬ್ಬರಿಗೂ ತಾಗುವುದಿಲ್ಲ. ಮನೆಯಲ್ಲಿ ಮಾಡಿ ತಂದ ಹೋಂವರ್ಕಿನಲ್ಲಿ ಈ ತಪ್ಪುಗಳು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲರ ಪುಸ್ತಕದಲ್ಲೂ 72 ಇರುತ್ತದೆ. ಗೈಡು ಇದೆಯಲ್ಲ!

ಹಾಗಾಗಿ ಯೋಜನೆಯನ್ನು ಈ ಎರಡು ತಪ್ಪುಗಳಿಂದ ಶುರು ಮಾಡಬೇಕು. ಮೊದಲು ಬರೆಯಬೇಕಾದದ್ದು ತರಗತಿಯಲ್ಲಿ ಕೊಡುವ ಲೆಕ್ಕಗಳನ್ನು. ಮೊದಲ ಲೆಕ್ಕದಲ್ಲಿ ತೂಕ ಕಡಿಮೆ ಇರುವುದೇ ಮೊದಲು ಖಾಲಿಯಾಗಲಿ. ಎರಡನೆಯದರಲ್ಲಿ ಜಾಸ್ತಿ ಇರುವುದು ಖಾಲಿಯಾಗಲಿ, ಆಗ 90 ಎಂದವರು ಮುಗ್ಗರಿಸುತ್ತಾರೆ. ಮುಗ್ಗರಿಸಲಿ, ನಾನು ಪಕ್ಕದಲ್ಲೇ ಇರುತ್ತೇನೆ. ಮೂರನೆಯದರಲ್ಲಿ ಎರಡೂ ಸರಿಯಾಗಿ ಮುಗಿಯಲಿ. ಹಾಗೂ ಆಗಬಹುದು ಅಂತ ಮಕ್ಕಳಿಗೆ ತೋಚುವುದೇ ಇಲ್ಲ.

ಇಷ್ಟಾದ ಮೇಲೆ ವೀಡಿಯೊ. ಈ ಲೆಕ್ಕಗಳ ಮುಂದೆ ಕೂರುವ ಹೊತ್ತಿಗೆ ಮಗುವಿಗೆ ಕನಿಷ್ಠ ಏನು ಗೊತ್ತಿರಬೇಕು? ಅಷ್ಟು ಮಾತ್ರ. ಅದಕ್ಕೆ ಆಕ್ಸಿಜನ್ನೂ ಬೇಡ. ದೋಸೆ ಹಿಟ್ಟಿಗೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು. ಮನೆಯಲ್ಲಿ ಒಂಬತ್ತು ಪಾವು ಅಕ್ಕಿ, ಎರಡು ಪಾವು ಉದ್ದು ಇದೆ. ಯಾವುದು ಮೊದಲು ಮುಗಿಯುತ್ತದೆ? ಎಷ್ಟು ಅಕ್ಕಿ ಉಳಿಯುತ್ತದೆ? ಆರು ನಿಮಿಷದ ಮಾತು. ಕೊನೆಯಲ್ಲಿ ನೀರಿನ ಒಂದು ಲೆಕ್ಕ, ಪೂರ್ತಿ ಬಿಡಿಸಿದ್ದು.

ಬಹಳ ಜನ ಮಾಡುವುದು ಇದರ ಉಲ್ಟಾ. ಮೊದಲು 25 ನಿಮಿಷದ ಚೆಂದದ ವೀಡಿಯೊ. ಅದರಲ್ಲಿ ಎಲ್ಲ ಬಗೆಯ ಲೆಕ್ಕವನ್ನೂ ಬಿಡಿಸಿ ತೋರಿಸಿರುತ್ತಾರೆ. ಆಮೇಲೆ ತರಗತಿಗೆ ಬಂದು, ವೀಡಿಯೊ ನೋಡಿದ್ರಾ ಅಂತ ಕೇಳಿ, ಅರ್ಧ ಜನ ನೋಡಿಲ್ಲ ಎಂದು ಗೊತ್ತಾಗಿ, ಬೋರ್ಡಿನ ಮೇಲೆ ಅದೇ ಪಾಠ ಮತ್ತೆ. ನೋಡಿ ಬಂದವರಿಗೆ ಅದು ಎರಡನೇ ಸಲ. ಮುಂದಿನ ವಾರದಿಂದ ಅವರೂ ನೋಡುವುದಿಲ್ಲ, ಮೇಷ್ಟ್ರು ಹೇಗೂ ಹೇಳುತ್ತಾರಲ್ಲ.

ಎರಡನೇ ವರ್ಷದ ತಿರುವು

ಮೊದಲ ವರ್ಷದ ಘಟಕ ಪರೀಕ್ಷೆಗೆ ಹಿಂದಿನ ವರ್ಷದ ಪ್ರಶ್ನೆಗಳನ್ನೇ ಕೊಟ್ಟು ಹೋಲಿಸಿದರು. ಮಕ್ಕಳು ಹೆಚ್ಚು ಕಲಿತಿದ್ದಾರೆ ಎಂದು ಅವರಿಗೆ ಕಂಡಿತು. ಆದರೆ ಒಂದು ತೂತು ಉಳಿದಿತ್ತು. ಎಲ್ಲರೂ ಒಂದೇ ದಿನ ಒಂದೇ ವೀಡಿಯೊ, ಒಂದೇ ದಿನ ಪರೀಕ್ಷೆ. ಘಟಕ ಅರ್ಥವಾಗದವನೂ ಕಡಿಮೆ ಅಂಕ ಪಡೆದು ಮುಂದಿನ ಘಟಕಕ್ಕೆ ಹೋಗುತ್ತಿದ್ದ. ಬುನಾದಿ ಇಲ್ಲದ ಗೋಡೆ.

ಆಗ ಒಂದು ಘಟನೆ ನಡೆಯಿತು. ಬೇರೆ ದೇಶದಿಂದ ವಿನಿಮಯ ಕಾರ್ಯಕ್ರಮದಲ್ಲಿ ಬಂದ ಒಬ್ಬ ವಿದ್ಯಾರ್ಥಿನಿಯನ್ನು ವರ್ಷದ ಮಧ್ಯದಲ್ಲಿ ಬರ್ಗ್‌ಮನ್ ತರಗತಿಗೆ ಹಾಕಿದರು. ಅವಳು ಕೆಮಿಸ್ಟ್ರಿ ಓದಿಯೇ ಇರಲಿಲ್ಲ. ಹಿಂದಿನ ದಿನಗಳಾಗಿದ್ದರೆ ಸೇರಿಸಿಕೊಳ್ಳುವ ಹಾಗೇ ಇರಲಿಲ್ಲ. ಈಗ ಎಲ್ಲ ಪಾಠಗಳ ವೀಡಿಯೊ ಕೈಯಲ್ಲಿತ್ತು. ಅವಳು ಮೊದಲ ಘಟಕದಿಂದ ಶುರು ಮಾಡಿದಳು, ಉಳಿದವರು ಎಲ್ಲಿದ್ದಾರೆ ಎಂದು ನೋಡಲೇ ಇಲ್ಲ. ಇಡೀ ವರ್ಷಕ್ಕೆ ಇದ್ದದ್ದು ಹತ್ತು ಘಟಕ. ಅರ್ಧ ವರ್ಷದಲ್ಲಿ ಅವಳು ಎಂಟು ಮುಗಿಸಿದಳು.

ಅವಳಿಗೆ ಆಗುವುದಾದರೆ ಎಲ್ಲರಿಗೂ ಯಾಕಾಗಬಾರದು? ಹೀಗೆ ಬಂತು ಮುಂದಿನ ರೂಪ. ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಹೋಗಬಹುದು, ಆದರೆ ಘಟಕದ ಕೊನೆಯ ಪರೀಕ್ಷೆಯಲ್ಲಿ ಶೇ 75 ತೆಗೆಯದೆ ಮುಂದಕ್ಕೆ ಹೋಗುವ ಹಾಗಿಲ್ಲ. ಬರದಿದ್ದರೆ ಎಲ್ಲಿ ಎಡವಿದ್ದೆ ಎಂದು ಮೇಷ್ಟ್ರ ಜತೆ ಕೂತು ನೋಡಿ, ಮತ್ತೆ ಬರೆಯಬೇಕು. ಕಂಪ್ಯೂಟರ್ ಪ್ರತಿ ಸಲ ಬೇರೆ ಬೇರೆ ಪ್ರಶ್ನೆ ಆರಿಸಿ ಕೊಡುತ್ತಿತ್ತು. ಮಾಸ್ಟರಿ ಲರ್ನಿಂಗ್ ಎಂಬ ಈ ಯೋಚನೆಯನ್ನು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲೇ ವಿವರಿಸಿದ್ದರು. ಮೂವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ಒಂದೇ ಪಾಠವನ್ನು ಬೇರೆ ಬೇರೆ ದಿನ ಹೇಳುವುದು ಹೇಗೆ ಎಂಬಲ್ಲಿ ಅದು ಮುಗ್ಗರಿಸುತ್ತಿತ್ತು. ವೀಡಿಯೊ ಆ ಗಂಟನ್ನು ಬಿಡಿಸಿತು.

ತರಗತಿ ಮಾತ್ರ ಸಂತೆಯಾಯಿತು. ಒಂದು ಮೂಲೆಯಲ್ಲಿ ಪ್ರಯೋಗ, ಇನ್ನೊಂದರಲ್ಲಿ ಬೇರೆ ಪ್ರಯೋಗ, ಕಿಟಕಿ ಬದಿ ಪರೀಕ್ಷೆ, ಮಧ್ಯೆ ಲೆಕ್ಕ. ಪ್ರಯೋಗ ಶುರು ಮಾಡುವ ಪ್ರತಿ ಗುಂಪಿಗೂ ಸುರಕ್ಷತೆಯ ಮಾತನ್ನು ಬೇರೆ ಬೇರೆಯಾಗಿ ಹೇಳಬೇಕು. ಮೇಷ್ಟ್ರಿಗೆ ಹತ್ತೂ ಘಟಕ ಏಕಕಾಲಕ್ಕೆ ತಲೆಯಲ್ಲಿರಬೇಕು. ವಿಷಯದ ಮೇಲೆ ಹಿಡಿತವಿಲ್ಲದವರು ಇದಕ್ಕೆ ಕೈಹಾಕಿದರೆ ಮೊದಲ ವಾರದಲ್ಲೇ ಸುಸ್ತು. ಇಬ್ಬರೂ ಗಟ್ಟಿಗರು ಅಂತ ಮೊದಲೇ ಹೇಳಿದ್ದು ಇದಕ್ಕೇ.

ನಾನು ನಂಬದ ಭಾಗ

ವುಡ್‌ಲ್ಯಾಂಡ್ ಪಾರ್ಕಿನ ಫಲಿತಾಂಶವನ್ನು ಅಳೆದವರು ಅದನ್ನು ನಡೆಸಿದ ಮೇಷ್ಟ್ರುಗಳೇ. ಆ ವರ್ಷ ಅವರಲ್ಲಿ ಹೊಸ ಹುರುಪಿತ್ತು, ಪ್ರಯೋಗಗಳು ಜಾಸ್ತಿಯಾಗಿದ್ದವು, ಮಕ್ಕಳ ತಂಡವೂ ಬೇರೆ. ಇದರಲ್ಲಿ ಯಾವುದರಿಂದ ಎಷ್ಟು ಲಾಭ ಬಂತು ಎಂದು ಬಿಡಿಸಿ ಹೇಳುವುದು ಹೇಗೆ?

ಇದಕ್ಕೆ ಎದುರು ಇಡಬೇಕಾದ ಒಂದು ಅಧ್ಯಯನವಿದೆ. ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಗಣಿತ ಮತ್ತು ಅರ್ಥಶಾಸ್ತ್ರದ ತರಗತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಮಾಮೂಲಿ ಪಾಠ, ಇನ್ನೊಂದಕ್ಕೆ ತಿರುಗಿಸಿದ ಪಾಠ. ತಿರುಗಿಸಿದ್ದು ಕೋರ್ಸಿನ ಒಂದು ಭಾಗವನ್ನು ಮಾತ್ರ. ಗಣಿತದಲ್ಲಿ ತಕ್ಷಣದ ಪರೀಕ್ಷೆಯಲ್ಲಿ ಲಾಭ ಕಂಡಿತು, ಕೊನೆಯ ಪರೀಕ್ಷೆಯ ಹೊತ್ತಿಗೆ ಅದು ಕರಗಿತ್ತು. ಅರ್ಥಶಾಸ್ತ್ರದಲ್ಲಿ ಲಾಭವೇ ಕಾಣಲಿಲ್ಲ. ಅದಕ್ಕಿಂತ ಚಿಂತೆಯ ವಿಷಯ ಅಂದರೆ, ಮುಂದಿದ್ದವರು ಇನ್ನೂ ಮುಂದೆ ಹೋದರು, ಹಿಂದಿದ್ದವರ ಜತೆಗಿನ ಅಂತರ ಹೆಚ್ಚಾಯಿತು.

ಈ ಎರಡೂ ಸಂಗತಿ ಒಂದಕ್ಕೊಂದು ವಿರುದ್ಧ ಅಂತ ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಒಬ್ಬರೇ ಕೂತು ವೀಡಿಯೊದಿಂದ ಕಲಿಯುವ ಶಕ್ತಿ ಇರುವವರಿಗೆ ಈ ಪದ್ಧತಿ ತಾನಾಗಿಯೇ ಒಲಿಯುತ್ತದೆ. ಇಲ್ಲದವರಿಗೆ ಬೇಕಾದದ್ದು ನೋಡುವುದನ್ನು ಕಲಿಸಿದ ಆ ವಾರಗಳು, ತಂದೇ ತೀರಬೇಕಾದ ಪ್ರಶ್ನೆ, ತರಗತಿಯ ಹಿಂದಿನ ಕಂಪ್ಯೂಟರ್, ಪಕ್ಕದಲ್ಲಿ ಬಂದು ಕೂರುವ ಮೇಷ್ಟ್ರು. ಅವನ್ನೆಲ್ಲ ಬಿಟ್ಟು ವೀಡಿಯೊ ಮಾತ್ರ ಎತ್ತಿಕೊಂಡರೆ ಅಂತರ ಹೆಚ್ಚದೆ ಇನ್ನೇನಾಗುತ್ತದೆ?

ನಮ್ಮ ಕೋಣೆಯಲ್ಲಿ

ವೀಡಿಯೊಗೆ ನಮ್ಮಲ್ಲಿ ಬರವಿಲ್ಲ. ಪಠ್ಯಪುಸ್ತಕದಲ್ಲೇ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದ ಕ್ಯೂಆರ್ ಕೋಡ್ ಇದೆ. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ ಸಂವೇದ ಪಾಠಗಳನ್ನು ಎಷ್ಟೋ ಹಳ್ಳಿಯ ಮಕ್ಕಳು ನೋಡಿದರು. ಆದರೆ ಆಗ ತರಗತಿಯೇ ಇರಲಿಲ್ಲ. ಪಾಠ ಮನೆಗೆ ಹೋಯಿತು, ಸಿಕ್ಕಿಕೊಂಡಾಗ ಬಿಡಿಸುವವರು ಬರಲಿಲ್ಲ. ಅದನ್ನು ಫ್ಲಿಪ್ ಅನ್ನಲಾಗದು, ಅರ್ಧ ಮಗುಚಿದ ದೋಸೆ ಅನ್ನಬಹುದು.

ನಮ್ಮ ನಿಜವಾದ ಕಷ್ಟಗಳು ಎರಡು. ಒಂದು, ಫೋನು. ಮನೆಗೊಂದು ಇರುತ್ತದೆ, ಅದು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಬರುವುದು ರಾತ್ರಿ ಒಂಬತ್ತಕ್ಕೆ. ಇನ್ನೊಂದು, ಸಂಖ್ಯೆ. 70 ಜನರ ಪಿಯುಸಿ ತರಗತಿಯಲ್ಲಿ ಒಬ್ಬೊಬ್ಬರ ಪಕ್ಕ ಕೂರುವುದಾದರೆ ಒಬ್ಬರಿಗೆ ಒಂದು ನಿಮಿಷವೂ ಸಿಗುವುದಿಲ್ಲ.

ನನ್ನ ಯೋಚನೆ ಹೀಗಿದೆ. ಇಡೀ ವರ್ಷ ಬೇಡ, ಮಕ್ಕಳು ಹೆಚ್ಚು ಎಡವುವ ನಾಲ್ಕೈದು ಪಾಠ ಮಾತ್ರ ತಿರುಗಿಸುವುದು. ವೀಡಿಯೊದಲ್ಲಿರುವುದನ್ನೇ ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಡುವುದು. ಫೋನ್ ಇಲ್ಲದವರು ಓದಿಕೊಂಡು ಬರಲಿ, ಮಜುರ್ ಅವರ ವಿದ್ಯಾರ್ಥಿಗಳೂ ಓದಿಕೊಂಡೇ ಬಂದವರು. ಒಂದು ಗಂಟೆಯ ಪೀರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ಅವರು ತಂದ ಪ್ರಶ್ನೆಗಳಿಗೆ. ಆಮೇಲೆ 10 ಗ್ರಾಂ, 64 ಗ್ರಾಂ ಲೆಕ್ಕ ಬೋರ್ಡಿನ ಮೇಲೆ. ಯಾರೂ ಮಾತಾಡದೆ ಉತ್ತರ ಬರೆದು ಚೀಟಿ ಎತ್ತಿ ತೋರಿಸಬೇಕು. 74ರವರು, 90ರವರು, 72ರವರು ಯಾರ‍್ಯಾರು ಎಂದು ಒಂದೇ ನೋಟಕ್ಕೆ ಕಾಣುತ್ತದೆ. 72ರವರಲ್ಲಿ ಒಬ್ಬೊಬ್ಬರನ್ನು ಬೆಂಚಿಗೊಬ್ಬರಂತೆ ಹಂಚುವುದು. ನಾನು ಹೋಗಿ ಕೂರುವುದು 74ರವರ ಬೆಂಚಿಗೆ ಮಾತ್ರ. ಉಳಿದ 40 ನಿಮಿಷ ಅಲ್ಲೇ.

ದೋಸೆ ಹಿಟ್ಟಿನ ವೀಡಿಯೊ ಮಾತ್ರ ಇನ್ನೂ ಆಗಿಲ್ಲ. ಅಡ್ಡಪ್ರಶ್ನೆ ಕೇಳುವ ವಿದ್ಯಾರ್ಥಿಯ ಪಾತ್ರಕ್ಕೆ ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕ ಕೂರುವ ಕನ್ನಡ ಮೇಷ್ಟ್ರನ್ನು ಒಪ್ಪಿಸಿದ್ದೇನೆ. ನಟನೆ ಬರುತ್ತಾ ಸರ್ ಅಂದೆ. ನಟನೆ ಯಾಕ್ರೀ, ನಂಗೆ ನಿಜವಾಗ್ಲೂ ಗೊತ್ತಿಲ್ಲ ಅಂದರು.